ಓಡಿಹೋಗದ ಮೊಲ

"ಇಳೀರಿ ಕೆಳಗೆ! ಈಗಲೇ ಇಳೀರಿ ಅಂದೆ!"

ಕೈಯಲ್ಲಿದ್ದ ಸೌಟು ಕೆಳಗಿಡುವುದನ್ನೂ ಮರೆತು ಚಿಗುಸಾ ಅಂಗಳಕ್ಕೆ ಓಡಿಬಂದಿದ್ದಳು.

ಒಳಗೆ ಊರಿನ ಏಳು ಮಕ್ಕಳು ಉಂಡು ಸಾಲಾಗಿ ಮಲಗಿದ್ದವು. ಎದ್ದ ಕೂಡಲೇ 'ಚಿಗು ಅಕ್ಕಾ, ಹಸಿವು!' ಎನ್ನುವ ಸೈನ್ಯ ಅದು. ಅವರ ಅನ್ನದುಂಡೆಗೆ ಹಚ್ಚಲೆಂದು ಅಕ್ರೋಟಿನ ಗೊಜ್ಜು ಕದಡುತ್ತಿದ್ದಳು. ಅಷ್ಟರಲ್ಲಿ ಮೂವತ್ತು ವರ್ಷದ ಮಸಿ ಹುಲ್ಲಿನ ಮಾಡಿನಿಂದ ಮುದ್ದೆಯಾಗಿ ಕಳಚಿ ನೇರ ಪಾತ್ರೆಯೊಳಗೇ ಬಿದ್ದಿತ್ತು!

ಮಾಡಿನ ನೆತ್ತಿಯ ಮೇಲೆ ಒಬ್ಬ ಗಂಡಸು ನಿಂತಿದ್ದ. ತಲೆಗೆ ಟವೆಲ್ ಸುತ್ತಿದ್ದ. ಕೈಯಲ್ಲಿ ಹಳೆಯ ಹುಲ್ಲಿನ ಕಂತೆ.

"ಕ್ಷಮಿಸಿ... ಮಾಡು ಹೊದಿಸೋಕೆ ಬಂದವನು ನಾನು. ಸೇಜಿ ಅಂತ. ಊರಿನ ಹಿರಿಯರು ಹೇಳಿರಬೇಕಲ್ಲ?"

"ಸೋಮವಾರ ಬರ್ತಾರೆ ಅಂದಿದ್ರು! ಇವತ್ತು ಶುಕ್ರವಾರ! ಮಕ್ಕಳು ಮಲಗಿರೋ ಮನೆ ಇದು, ಒಂದು ಮಾತು ಕೇಳಿ ಹತ್ತಬಾರ್ದಾ?"

"ಬಾಗಿಲು ತಟ್ಟಿದ್ರೆ ಮಕ್ಕಳು ಏಳ್ತಾವೇನೋ ಅಂತ..." ಎನ್ನುತ್ತ ಅವನು ಏಣಿಯ ಕಡೆ ತಿರುಗಿದ.

ಚಿಗುಸಾ ಏಣಿಯ ಬುಡಕ್ಕೆ ಓಡಿದಳು. ಅವನ ಬೆನ್ನಿಗೆ ಪಟ್ಟಿಬಟ್ಟೆಯಿಂದ ಕಟ್ಟಿಕೊಂಡಿದ್ದ ಒಂದು ಪುಟ್ಟ ಹುಡುಗಿ! ಕೆನ್ನೆಯನ್ನು ಅವನ ಭುಜಕ್ಕೊತ್ತಿ, ಅಷ್ಟೆತ್ತರದಿಂದ ಅವಳನ್ನೇ ಪಿಳಿಪಿಳಿ ನೋಡುತ್ತಿತ್ತು.

"ಅದೇನು ಬೆನ್ನ ಮೇಲೆ?"

"ನನ್ನ ಮಗಳು."

"ಮಗಳು ಅಂತ ಕಾಣುತ್ತೆ! ಮಾಡಿನ ಮೇಲೆ ಯಾಕಿದಾಳೆ ಅಂತ ಕೇಳಿದ್ದು!"

"ಬಿಟ್ಟು ಬರೋಕೆ ಯಾರೂ ಇಲ್ಲ," ಎಂದ ಅವನು. ದೂರು ಹೇಳುವವನ ದನಿಯಲ್ಲ. ಇದ್ದದ್ದನ್ನು ಹೇಳಿದ, ಅಷ್ಟೇ.

"ಏಳು ಮಕ್ಕಳಿರೋ ಮನೆ ನೆತ್ತಿ ಮೇಲೆ ನಿಂತ್ಕೊಂಡು ಬಿಡೋಕೆ ಯಾರೂ ಇಲ್ಲ ಅಂತೀರಲ್ಲ! ಕೊಡಿ ಇಲ್ಲಿ. ಏಳರ ಜೊತೆ ಎಂಟು."

ಅವನು ಇಳಿದು ಬಂದು ಗಂಟು ಬಿಚ್ಚಿದ. ಚಿಗುಸಾ ಮಗುವನ್ನು ಎತ್ತಿಕೊಳ್ಳುವಾಗ ಅವನ ಒರಟು ಬೆರಳು ಅವಳ ಮಣಿಕಟ್ಟಿಗೆ ತಾಗಿತು. ಇಬ್ಬರೂ ಒಟ್ಟಿಗೇ ಕಣ್ಣು ಬೇರೆಡೆ ಹೊರಳಿಸಿದರು.

"ನಿನ್ನ ಮೂಗಿನ ಮೇಲೆ ಮಸಿ ಇದೆ," ಎಂದಿತು ಮಗು.

ಅವನು ನಕ್ಕುಬಿಟ್ಟ. ನಕ್ಕು ತುಂಬ ದಿನವಾದವನ ನಗು, ಅರ್ಧಕ್ಕೇ ನಿಂತುಹೋಯಿತು.

'ನಗೋದೇನಿದೆ ಇದರಲ್ಲಿ...' ಎಂದು ಗೊಣಗುತ್ತ ಒಳಗೆ ಬಂದ ಚಿಗುಸಾ, ಆ ದಿನ ಅಕ್ರೋಟಿನ ಗೊಜ್ಜಿಗೆ ಎರಡು ಸಲ ಉಪ್ಪು ಹಾಕಿದಳು.

*

ಮಗುವಿನ ಹೆಸರು ಕಿನು. ನಾಲ್ಕೂವರೆ ವರ್ಷ. ಐಝು ಬೆಟ್ಟಗಳ ಈ ಮೂಲೆಯಲ್ಲಿ, ನಾರಾಸಾವಾ ಎಂಬ ಹದಿನಾಲ್ಕು ಮನೆಗಳ ಊರಿನಲ್ಲಿ, ಹುಲ್ಲಿನ ಮಾಡು ಉಳಿದಿದ್ದದ್ದು ಚಿಗುಸಾಳ ಮನೆಗೊಂದಕ್ಕೇ. ಅದನ್ನು ಹೊದಿಸಲು ಎರಡು ಸ್ಟೇಷನ್ ಆಚೆಯ ಊರಿನಿಂದ ಬಂದಿದ್ದ ಸೇಜಿ ಮಗಳೊಂದಿಗೆ ಊರಿನ ಸಭಾಮನೆಯಲ್ಲಿ ಉಳಿದುಕೊಂಡಿದ್ದ. ಹೆಂಡತಿ ತೀರಿಕೊಂಡು ಎರಡು ವರ್ಷವಾಯಿತಂತೆ. ಇಷ್ಟೇ ಗೊತ್ತಿದ್ದದ್ದು.

ಚಿಗುಸಾಳಿಗೆ ಮೂವತ್ತೆರಡು. ಅವಳಿಗೆ ಗೊತ್ತಾಗಿದ್ದ ವರ ಅವಳ ಗೆಳತಿಯನ್ನೇ ಮದುವೆಯಾಗಿ ಆರು ವರ್ಷ. ಬೇರೆಯವರ ಕೈಯಲ್ಲಿರುವುದಕ್ಕೆ ಇನ್ನು ಕಣ್ಣು ಹಾಕಬಾರದು ಎಂದು ಅವಳು ಆಗಲೇ ತೀರ್ಮಾನಿಸಿದ್ದಳು. ಹೊಲಕ್ಕೂ ಪೇಟೆಗೂ ದುಡಿಯಲು ಹೋಗುವವರ ಮಕ್ಕಳನ್ನು ನೋಡಿಕೊಳ್ಳುತ್ತ, ಕಾಡಿನ ಬಳ್ಳಿಯಲ್ಲಿ ಬುಟ್ಟಿ ಹೆಣೆಯುತ್ತ ನೆಮ್ಮದಿಯಾಗಿದ್ದಳು. ನೆಮ್ಮದಿ ಎಂದೇ ಅಂದುಕೊಂಡಿದ್ದಳು!

ಬೆಳಿಗ್ಗೆ ಎಂಟೂ ಮಕ್ಕಳನ್ನು ಕರೆದುಕೊಂಡು ಕಾಡಂಚಿಗೆ ಹೋಗುವುದು. ಓಕ್ ಕಾಯಿ ಆರಿಸಿ ತಂದು ಕಡ್ಡಿ ಚುಚ್ಚಿ ಬುಗುರಿ ಮಾಡುವುದು. ಕೆಂಪು ಎಲೆಗಳನ್ನು ಕರಗಿದ ಜೇನುಮೇಣದಲ್ಲಿ ಅದ್ದಿ ಕಿಟಕಿಗೆ ತೂಗುಬಿಡುವುದು. ಒಗರು ಪರ್ಸಿಮನ್ ಹಣ್ಣುಗಳ ಸಿಪ್ಪೆ ಹೆರೆದು, ದಾರಕ್ಕೆ ಕಟ್ಟಿ, ಸೂರಿನಡಿ ಸಾಲಾಗಿ ಒಣಹಾಕುವುದು. ಕಿನುವಿನ ಕೈ ಚುರುಕು. ಉಳಿದ ಮಕ್ಕಳು ಅರ್ಧ ಹಣ್ಣು ಕೆತ್ತಿ ಬಿಸಾಡಿದರೆ, ಇವಳು ನಾಲಿಗೆ ಹೊರಚಾಚಿ, ಸಿಪ್ಪೆ ತುಂಡಾಗದ ಹಾಗೆ ಒಂದೇ ಸುರುಳಿ ತೆಗೆಯುತ್ತಿದ್ದಳು.

"ಎಷ್ಟು ಚೆಂದ! ಯಾರು ಕಲಿಸಿದ್ರು ಚಿನ್ನ?"

"ಮಯು ಚಿಕ್ಕಿ."

ಆ ಹೆಸರನ್ನು ಚಿಗುಸಾ ಕೇಳಿದ್ದು ಅದೇ ಮೊದಲು.

ಕೊನೆಯಂತೂ ಆಗಲಿಲ್ಲ! ಅನ್ನದುಂಡೆ ಕಟ್ಟಿದರೆ, "ಮಯು ಚಿಕ್ಕಿ ಅದಕ್ಕೆ ನರಿ ಕಿವಿ ಮಾಡ್ತಾಳೆ." ಜಡೆ ಹಾಕಿದರೆ, "ಮಯು ಚಿಕ್ಕಿ ಹಾಕಿದ್ರೆ ನೋಯಲ್ಲ." ಪ್ಯಾಂಟಿನ ಎರಡೂ ಮಂಡಿಗೆ ಎಲೆಯಾಕಾರದ ಮುದ್ದಾದ ತೇಪೆ. "ಮಯು ಚಿಕ್ಕಿ ಹಚ್ಚಿದ್ದು!"

ನಾಲ್ಕು ವರ್ಷದ ಮಗುವಿನ ಮಾತಿಗೆ ಇಷ್ಟು ಉರಿ ಯಾಕೆ ಎಂದು ಚಿಗುಸಾ ತನ್ನನ್ನೇ ಗದರಿಸಿಕೊಂಡಳು. ಉರಿ ಆರಲಿಲ್ಲ. ಯಾಕೆಂದರೆ ದಿನಾ ಮಧ್ಯಾಹ್ನ ಸೇಜಿ ಏಣಿ ಇಳಿದು ಬಂದು ಕಟ್ಟೆಯ ಮೇಲೆ ಕೂತು ಅವಳ ಕೈಯಡುಗೆ ಉಣ್ಣುತ್ತಿದ್ದ. "ಇವತ್ತಿನ ಸಾರು ಚೆನ್ನಾಗಿದೆ," ಎನ್ನುತ್ತಿದ್ದ. ಅಷ್ಟೇ ಮಾತು. ಆ ಒಂದು ಮಾತಿಗಾಗಿ ಅವಳು ಬೆಳಗಿನ ಜಾವವೇ ಎದ್ದು ಅಣಬೆ ಆರಿಸಲು ಹೋಗತೊಡಗಿದ್ದಳು!

ಪಕ್ಕದ ಮನೆಯ ಯೋನೆ ಅಜ್ಜಿಗೆ ಎಂಬತ್ತಮೂರು. ಕಣ್ಣು ಮಂಜು, ಕಿವಿ ಚುರುಕು, ನಾಲಿಗೆ ಇನ್ನೂ ಚುರುಕು.

"ಏನವ್ವಾ, ಮೊದ್ಲೆಲ್ಲ ಮಧ್ಯಾಹ್ನಕ್ಕೆ ನೀನು ಗಂಜಿ ಕುಡ್ಕೊಂಡಿದ್ದೆ. ಈಗ ನಿನ್ನ ಒಲೆ ವಾಸ್ನೆ ನಮ್ಮ ಹಿತ್ಲವರೆಗೂ ಬತ್ತದೆ!"

"ಮಕ್ಕಳಿಗೆ ಅಜ್ಜಿ, ಮಕ್ಕಳಿಗೆ!"

"ಹೂಂ ಹೂಂ. ಮಾಡಿನ್ ಮ್ಯಾಗಿನ ಮಗೀಗೂ ಒಂದ್ ಬಟ್ಲು." ಅಜ್ಜಿ ದನಿ ತಗ್ಗಿಸಿತು. "ನೋಡ್ಕೊಂಡು ಹೆಜ್ಜೆ ಇಡು. ಸತ್ತೋಳ ತಂಗಿ ಒಬ್ಳು ಅವ್ಳೆ. ಮಯುಕೊ ಅಂತ. ಪೇಟೇಲಿ ಹೊಲಿಗೆ ಅಂಗ್ಡೀಲಿ ಕೆಲ್ಸ. ಎರಡು ವರ್ಷದಿಂದ ಭಾನುವಾರ ತಪ್ಪಿದ್ರೂ ಅವಳು ಬರೋದು ತಪ್ಪಿಲ್ವಂತೆ. ಇವತ್ತಲ್ಲ ನಾಳೆ ಆ ಮನೇಲೇ ನಿಂತ್ಕೋತಾಳೆ ಅಂತ ಅವರೂರೋರೆಲ್ಲ ಅಂತಾರೆ."

ಚಿಗುಸಾ ಹೆಣೆಯುತ್ತಿದ್ದ ಬುಟ್ಟಿಯ ಬಳ್ಳಿ ಪಟ್ಟನೆ ಮುರಿಯಿತು.

*

ಮೊದಲ ಭಾನುವಾರ ಸೇಜಿಯೇ ಮಗಳೊಂದಿಗೆ ತನ್ನೂರಿಗೆ ಹೋಗಿಬಂದಿದ್ದ. ಮುಂದಿನ ಭಾನುವಾರ ಮಯುಕೊ ಇಲ್ಲಿಗೇ ಬಂದೇಬಂದಳು.

ಕುರೂಪಿಯಾಗಿರಬಾರದಿತ್ತೇ! ಗಯ್ಯಾಳಿಯಾಗಿ, ಗಂಟುಮೋರೆಯವಳಾಗಿ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಇವಳು ತೆಳ್ಳಗೆ, ಬೆಳ್ಳಗೆ, ನಕ್ಕರೆ ಗುಳಿ ಬೀಳುವ ಕೆನ್ನೆಯವಳು. ಕಿನು ಓಡಿಹೋಗಿ ಅವಳ ಕುತ್ತಿಗೆಗೆ ನೇತುಬಿದ್ದಳು. ಮಯುಕೊ ಸೇಜಿಯ ತಲೆಯ ಟವೆಲ್ ಬಿಚ್ಚಿ, ಕೊಡವಿ, ಮತ್ತೆ ಕಟ್ಟಿದಳು. ಅವನು ತಲೆ ಬಗ್ಗಿಸಿ ನಿಂತಿದ್ದ, ಎಷ್ಟೋ ಕಾಲದ ಅಭ್ಯಾಸದ ಹಾಗೆ.

ಬಾವಿಯ ಹತ್ತಿರ ಸೊಪ್ಪು ತೊಳೆಯುತ್ತಿದ್ದ ಚಿಗುಸಾ ಅದೇ ಸೊಪ್ಪನ್ನು ನಾಲ್ಕನೇ ಸಲ ತೊಳೆದಳು.

"ನೀವೇ ಚಿಗುಸಾ ಅವರಾ? ಕಿನು ಕಾಗದದಲ್ಲಿ ನಿಮ್ಮ ಚಿತ್ರ ಬರೆದು ಕಳಿಸಿದ್ಲು," ಎಂದಳು ಮಯುಕೊ ಹತ್ತಿರ ಬಂದು. ನಗು ತುಟಿಯಲ್ಲಿತ್ತು, ಕಣ್ಣು ಮಾತ್ರ ತಲೆಯಿಂದ ಕಾಲಿನವರೆಗೆ ಅಳೆಯುತ್ತಿತ್ತು. "ಚಿತ್ರದಲ್ಲಿ ಇನ್ನೂ ದಪ್ಪ ಇದ್ರಿ."

"ನಿಮ್ಮ ಬಗ್ಗೆನೂ ದಿನಾ ಕೇಳ್ತೀನಿ. ದಿನಾ," ಎಂದಳು ಚಿಗುಸಾ.

'ನನ್ನ ಸೂರಿನಡಿ ನಿಂತು, ನನ್ನನ್ನೇ ದಪ್ಪ ಅನ್ನೋಕೆ ಇವಳ್ಯಾರು? ಅಲ್ಲ... ನನ್ನವರು ಅಂತ ಇಲ್ಲಿ ಯಾರಿದ್ದಾರೆ, ಇಷ್ಟು ಸಂಕಟಪಡೋಕೆ...'

ಅಂದಿನಿಂದ ಅವಳಿಗೆ ವಾರದಲ್ಲಿ ಆರು ದಿನ ಹಗುರ, ಏಳನೆಯ ದಿನ ಮುಳ್ಳು.

*

ನವೆಂಬರ್ ಅರ್ಧ ಕಳೆದಿತ್ತು. ಮಾಡಿನ ಕೆಲಸ ಮುಗಿಯುತ್ತ ಬಂದಿತ್ತು. ಒಂದು ಶನಿವಾರ ಸಂಜೆ ಸೇಜಿ ಕಿನುವಿನ ನೀಲಿ ಅಂಗಿಯನ್ನು ಹಿಡಿದು ಬಂದ.

"ಬಳ್ಳಿಗೆ ಸಿಕ್ಕಿ ತೋಳು ಹರ್ಕೊಂಡಿದಾಳೆ. ನಿಮ್ಮನ್ನ ಕೇಳೋಕೆ ಸಂಕೋಚ, ಆದ್ರೆ... ಹೊಲಿದು ಕೊಡ್ತೀರಾ?"

"ಯಾಕೆ, ನಾಳೆ ಭಾನುವಾರ ಅಲ್ವಾ? ಹೊಲಿಯೋರು ಬರ್ತಾರಲ್ಲ!"

ಬಾಯಿ ಜಾರಿತ್ತು. ಸೇಜಿ ಅರ್ಥವಾಗದೆ ಅವಳ ಮುಖ ನೋಡಿದ.

"ಹೊಲೀತೀನಿ, ಕೊಡಿ," ಎಂದು ಕಿತ್ತುಕೊಂಡಳು.

ಅಂಗಿಯ ಎದೆಯ ಮೇಲೊಂದು ಬಿಳಿ ದಾರದ ಮೊಲವಿತ್ತು. ದಿನಾ ನೋಡುತ್ತಿದ್ದ ಮೊಲವೇ. ಒಂದು ಕಿವಿ ಉದ್ದ, ಒಂದು ಗಿಡ್ಡ. ಹೊಲಿಗೆ ಅಲ್ಲಲ್ಲಿ ಸಡಿಲ. ಮಂಡಿಯ ತೇಪೆಯನ್ನು ಅಷ್ಟು ನಾಜೂಕಾಗಿ ಹಚ್ಚಿದವಳು ಮೊಲವನ್ನು ಯಾಕಿಷ್ಟು ಸೊಟ್ಟಪಟ್ಟ ಮಾಡಿದಳು? ಒಂದು ಕ್ಷಣ ಯೋಚಿಸಿದ್ದರೆ ಚಿಗುಸಾಳಿಗೆ ಹೊಳೆಯುತ್ತಿತ್ತು. ಆದರೆ ಹೊಟ್ಟೆಕಿಚ್ಚಿಗೆ ಯೋಚಿಸುವ ಪುರಸೊತ್ತೆಲ್ಲಿ?

'ನಗ್ತಾ ನಗ್ತಾ ಹೊಲಿದಿರ್ತಾಳೆ... ಅವನು ಪಕ್ಕದಲ್ಲಿ ದೀಪ ಹಿಡ್ಕೊಂಡು ಕೂತಿರ್ತಾನೆ...'

ತೋಳು ಹೊಲಿದಾದ ಮೇಲೂ ಸೂಜಿ ಕೈಯಲ್ಲೇ ಇತ್ತು. ಅದರ ತುದಿ ಮೊಲದ ಕಿವಿಯ ಕೆಳಗೆ ನುಗ್ಗಿತು. ಒಂದು ಎಳೆ ಎದ್ದು ಬಂತು. ಇನ್ನೊಂದು... ಮತ್ತೊಂದು... ಕಿವಿ ಹೋಯಿತು. ಬೆನ್ನು ಹೋಯಿತು. ಬಾಲ ಹೋಯಿತು. ಬಿಚ್ಚಿದ ದಾರವನ್ನು ಕೋಣೆಯ ನಡುವೆ ನೆಲದಲ್ಲಿದ್ದ ಬೆಂಕಿಗುಣಿಗೆ ಎಸೆದಳು. ಅದು ಚುರ್ ಎಂದು ಸುಟ್ಟು ಕಪ್ಪಾಯಿತು.

ಅದೇ ಜಾಗದಲ್ಲಿ ಅವಳು ಕೆಂಪು ಕೊರಳಿನ ಹಕ್ಕಿಯೊಂದನ್ನು ಹೊಲಿದಳು. ಅಷ್ಟು ಸುಂದರ ಹಕ್ಕಿಯನ್ನು ಅವಳು ಈ ಮೊದಲು ಹೊಲಿದಿರಲಿಲ್ಲ. ಒಂದೊಂದು ಗರಿಯೂ ಎದ್ದು ಕಾಣುತ್ತಿತ್ತು.

'ಈಗ ನೋಡ್ಲಿ, ಯಾರ ಕೈ ಚೆಂದ ಅಂತ!'

ಭಾನುವಾರ ಬೆಳಿಗ್ಗೆ ಕಿನು ಅಂಗಿ ತೊಡಲು ಓಡಿಬಂದಳು. ತೊಟ್ಟಳು. ಎದೆಯನ್ನು ನೋಡಿಕೊಂಡಳು. ಅಂಗಿಯ ಒಳಗೆ ನೋಡಿದಳು. ಬೆನ್ನು ತಿರುಗಿಸಿ ನೋಡಲು ಹೋಗಿ ಒಂದು ಸುತ್ತು ಹಾಕಿದಳು.

"ಚಿಗು ಅಕ್ಕಾ... ಮೊಲ ಎಲ್ಲಿ?"

ಆ ಪುಟ್ಟ ಮುಖ ಕಂಡ ಚಿಗುಸಾ ಸೂಜಿ ಎತ್ತಿಡುವ ನೆವದಲ್ಲಿ ಬಗ್ಗಿದಳು. ತಪ್ಪಿಸಿಕೊಳ್ಳಲು ಬಾಯಿಗೆ ಬಂದದ್ದನ್ನು ಹೇಳಿದಳು.

"ಮೊಲ... ಬೆಟ್ಟಕ್ಕೆ ಓಡಿಹೋಯ್ತು ಚಿನ್ನ. ಅದರ ಬದಲು ಈ ಹಕ್ಕಿ ಬಂತು. ಚೆನ್ನಾಗಿಲ್ವಾ?"

"ಬೆಟ್ಟಕ್ಕಾ?"

"ಹೂಂ. ಬೆಟ್ಟಕ್ಕೆ."

ಕಿನು ಅಳಲಿಲ್ಲ. ಆಶ್ಚರ್ಯವೆಂದರೆ, ಅವಳ ಕಣ್ಣು ಮೆಲ್ಲಗೆ ಅರಳಿತು. ತಲೆಯಾಡಿಸಿ ಹೊರಟುಹೋದಳು.

*

ಮಧ್ಯಾಹ್ನ ಮಯುಕೊ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಿದ್ದಳು.

"ಕಿನು ಇಲ್ಲಿದಾಳಾ?"

"ಇಲ್ವಲ್ಲ! ಬೆಳಿಗ್ಗೇನೇ ಹೋದ್ಲು..."

"ಸಭಾಮನೇಲಿಲ್ಲ. ಬಾವಿ ಹತ್ರ ಇಲ್ಲ. ಭಾವ ಹೊಳೆ ಕಡೆ ಓಡಿದಾರೆ. ನನ್ನ ಜೊತೆ ಇದಾಳೆ ಅಂತ ಅವರು, ಅವರ ಜೊತೆ ಇದಾಳೆ ಅಂತ ನಾನು..."

ಆಕಾಶ ಬೂದಿಬಣ್ಣಕ್ಕೆ ತಿರುಗಿತ್ತು. ಮೊದಲ ಹಿಮದ ಹರಳೊಂದು ತೇಲಿ ಬಂದು ಮಯುಕೊಳ ಕೂದಲ ಮೇಲೆ ಕೂತಿತು.

ಬೆಟ್ಟಕ್ಕೆ ಓಡಿಹೋಯ್ತು ಚಿನ್ನ... ಚಿಗುಸಾ ಮೆಟ್ಟು ಸಿಕ್ಕಿಸಿಕೊಂಡು ಅಂಗಳಕ್ಕೆ ಹಾರಿದಳು.

"ಬೆಟ್ಟ! ಬನ್ನಿ, ಬೆಟ್ಟಕ್ಕೆ ಹೋಗಿದಾಳೆ!"

ಊರ ಹಿಂದಿನ ಇಳಿಜಾರಿನಲ್ಲಿ ಮಾಡಿಗೆಂದು ಕೊಯ್ದ ಆಳೆತ್ತರದ ಹುಲ್ಲನ್ನು ಕಂತೆ ಕಟ್ಟಿ, ತಲೆಗೆ ತಲೆ ಕೊಟ್ಟು ಗುಡಾರದ ಹಾಗೆ ನೂರಾರು ಕಡೆ ನಿಲ್ಲಿಸಿದ್ದರು. ಇಬ್ಬರೂ ಒಂದೊಂದಾಗಿ ಬಗ್ಗಿ ನೋಡುತ್ತ ಹತ್ತಿದರು. ಹಿಮ ದಟ್ಟವಾಗುತ್ತಿತ್ತು.

"ಬೆಟ್ಟಕ್ಕೆ ಯಾಕೆ ಹೋಗ್ತಾಳೆ? ನಿಮಗೆ ಹೇಗೆ ಗೊತ್ತು?" ಎಂದಳು ಮಯುಕೊ.

"ನಾನೇ ಹೇಳಿದ್ದು. ಮೊಲ ಬೆಟ್ಟಕ್ಕೆ ಓಡಿಹೋಯ್ತು ಅಂತ."

"ಯಾವ ಮೊಲ?"

"ಅಂಗಿ ಮೇಲಿನ ಮೊಲ... ನಾನದನ್ನ ಬಿಚ್ಚಿಹಾಕಿದೆ. ನೀವು ಹೊಲಿದಿದ್ದು ಅಂತ ಬಿಚ್ಚಿಹಾಕಿದೆ!"

ಮಯುಕೊ ನಿಂತಲ್ಲೇ ನಿಂತಳು. ಅವಳ ತುಟಿ ನೀಲಿಗಟ್ಟಿತ್ತು.

"ಅದು ನಾನು ಹೊಲಿದಿದ್ದಲ್ಲ," ಎಂದಳು ಬಹಳ ಮೆಲ್ಲಗೆ. "ಅಕ್ಕ ಹೊಲಿದಿದ್ದು. ಆಸ್ಪತ್ರೆ ಹಾಸಿಗೇಲಿ. ಕೈ ನಡುಗ್ತಿತ್ತು, ಅದಕ್ಕೇ ಒಂದು ಕಿವಿ ಉದ್ದ ಆಯ್ತು. ಬಿಚ್ಚಿ ಮತ್ತೆ ಹೊಲೀಲಾ ಅಂದೆ. ಬೇಡ ಕಣೇ, ಸಮಯ ಇಲ್ಲ ಅಂದ್ಲು."

ಚಿಗುಸಾ ಹಿಮದಲ್ಲಿ ಕುಕ್ಕರಿಸಿದಳು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

"ಏಳಿ! ಈಗ ಅಳೋಕೆ ಕೂತ್ಕೋಬೇಡಿ!" ಮಯುಕೊ ಅವಳ ರಟ್ಟೆ ಹಿಡಿದು ಎಳೆದಳು. "ಮೊದ್ಲು ಮಗು!"

ಮೇಲಿನಿಂದ ಮೂರನೆಯ ಸಾಲಿನ ಹುಲ್ಲುಗುಡಾರದಲ್ಲಿ ಕಿನು ಸಿಕ್ಕಳು. ಮಂಡಿಗೆ ಗಲ್ಲ ಒತ್ತಿ ಕೂತಿದ್ದಳು. ಮೂಗು ಕೆಂಪಗೆ. ಎದುರಿಗೊಂದು ಎಲೆಯ ಮೇಲೆ ಎರಡು ಒಣ ಪರ್ಸಿಮನ್ ಹಣ್ಣು.

"ಶ್... ಮಾತಾಡ್ಬೇಡಿ," ಎಂದಳು. "ಮೊಲಕ್ಕೊಂದು. ಅಮ್ಮಂಗೊಂದು. ಅಮ್ಮ ಬೆಟ್ಟಕ್ಕೆ ಹೋಗಿದಾಳಲ್ಲ? ಮೊಲ ಅವಳ ಹತ್ರಾನೇ ಹೋಗಿರುತ್ತೆ."

ಮಯುಕೊ ಮುಖ ಆಚೆ ತಿರುಗಿಸಿದಳು. ಎರಡು ವರ್ಷದ ಕೆಳಗೆ ಮಗುವಿಗೆ ಏನು ಹೇಳಬೇಕೆಂದು ತಿಳಿಯದೆ ಮನೆಯವರು ಹೇಳಿದ ಮಾತು ಅದು. ಅಮ್ಮ ಬೆಟ್ಟಕ್ಕೆ ಹೋಗಿದ್ದಾಳೆ.

ಚಿಗುಸಾ ಗುಡಾರದೊಳಗೆ ತೆವಳಿ ಹೋಗಿ ಮಗುವಿನ ತಣ್ಣನೆಯ ಕೈಗಳನ್ನು ತನ್ನ ಕಂಕುಳಲ್ಲಿ ಅವುಚಿಕೊಂಡಳು. ಇನ್ನೊಂದು ಸುಳ್ಳು ಹೇಳುವುದು ಸುಲಭವಿತ್ತು. ಮೊಲ ವಸಂತಕ್ಕೆ ಬರುತ್ತೆ ಎಂದರೆ ಸಾಕಿತ್ತು.

"ಕಿನು, ಚಿಗು ಅಕ್ಕ ಸುಳ್ಳು ಹೇಳಿದೆ. ಮೊಲ ಓಡಿಹೋಗಿಲ್ಲ. ನಾನೇ ಬಿಚ್ಚಿದೆ. ದಾರಾನ ಬೆಂಕಿಗೆ ಹಾಕಿದೆ. ಇನ್ನು ಅದು ಇಲ್ಲ. ಎಲ್ಲೂ ಇಲ್ಲ."

"ಯಾಕೆ?"

"ನನಗೆ ಹೊಟ್ಟೆಕಿಚ್ಚು ಬಂದಿತ್ತು."

ಕಿನು ಕೈ ಬಿಡಿಸಿಕೊಂಡು ಚಿಕ್ಕಿಯ ಕಡೆ ತೋಳು ಚಾಚಿದಳು.

ಇಳಿಜಾರಿನ ಕೆಳಗಿನಿಂದ ಓಡಿ ಹತ್ತಿ ಬರುತ್ತಿದ್ದ ಸೇಜಿ ಆ ಮಾತನ್ನೆಲ್ಲ ಕೇಳಿಸಿಕೊಂಡಿದ್ದ. ಅವನ ಮುಖ ಸುಣ್ಣದ ಹಾಗಾಗಿತ್ತು. ಚಿಗುಸಾ ತಲೆಯನ್ನು ನೆಲಕ್ಕೆ ತಾಗಿಸಿ ಕ್ಷಮೆ ಬೇಡಿದಳು. ಅವನು ಒಂದೂ ಮಾತಾಡಲಿಲ್ಲ. ಮಗಳನ್ನು ಬೆನ್ನಿಗೇರಿಸಿಕೊಂಡು ಇಳಿದುಹೋದ.

ಬೈದಿದ್ದರೆ! ಒಂದೇ ಒಂದು ಸಲ ಗದರಿಸಿದ್ದರೆ ಎಷ್ಟೋ ವಾಸಿಯಿತ್ತು!

ಉಳಿದಿದ್ದ ಸೂರಿನ ಅಂಚನ್ನು ಕತ್ತರಿಸಿ ಒಪ್ಪ ಮಾಡಿ, ಎರಡೇ ದಿನದಲ್ಲಿ ಅವನು ಊರು ಬಿಟ್ಟ.

*

ಆ ವರ್ಷ ಹಿಮ ಕಿಟಕಿಯವರೆಗೂ ಬಿತ್ತು. ಹೊಸ ಮಾಡು ಒಂದು ಹನಿಯನ್ನೂ ಒಳಗೆ ಬಿಡಲಿಲ್ಲ. ಏಳು ಮಕ್ಕಳು ಬೆಂಕಿಗುಣಿಯ ಸುತ್ತ ಕೂತು ಜೋಳದ ಸಿಪ್ಪೆಯ ಗೊಂಬೆ ಮಾಡಿದರು. ಚಿಗುಸಾ ಎಂಟು ಗೊಂಬೆಗೆ ಸಿಪ್ಪೆ ಎಣಿಸಿಡುತ್ತಿದ್ದಳು, ಆಮೇಲೆ ಒಂದನ್ನು ವಾಪಸ್ ಎತ್ತಿಡುತ್ತಿದ್ದಳು.

ಜನವರಿಯ ಒಂದು ಬೆಳಿಗ್ಗೆ ಬಾಗಿಲು ಸರಿಯಿತು. ಮಂಡಿಯವರೆಗೆ ಹಿಮ ಮೆತ್ತಿಕೊಂಡು ಮಯುಕೊ ನಿಂತಿದ್ದಳು.

"ನಿಮ್ಮನ್ನ ಕಂಡ್ರೆ ನನಗಾಗಲ್ಲ," ಎಂದಳು ಬೂಟು ಬಿಚ್ಚುವ ಮೊದಲೇ. "ಅದನ್ನ ಹೇಳಿಬಿಟ್ಟು ಆಮೇಲೆ ಒಳಗೆ ಬರ್ತೀನಿ."

"ನ್ಯಾಯವಾಗಿದೆ. ಬನ್ನಿ," ಎಂದು ಚಿಗುಸಾ ಚಹಾ ಬಗ್ಗಿಸಿದಳು.

ಮಯುಕೊ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಬೆಂಕಿ ನೋಡುತ್ತ ಕೂತಳು.

"ಎರಡು ವರ್ಷ. ಪ್ರತಿ ಭಾನುವಾರ. ಭಾವ ಒಂದಲ್ಲ ಒಂದು ದಿನ ನನ್ನ ಕಡೆ ತಿರುಗಿ ನೋಡ್ತಾರೆ ಅಂತ ಕಾದೆ. ಹೋದ ಶರತ್ಕಾಲದಲ್ಲಿ ಅವರು ಮೊದಲನೇ ಸಲ ನಗೋಕೆ ಶುರು ಮಾಡಿದ್ರು. ಯಾಕೆ ಗೊತ್ತಾ? ಚಿಗುಸಾ ಹೀಗಂದ್ಲು, ಚಿಗುಸಾ ಹಾಗಂದ್ಲು ಅಂತ ಹೇಳುವಾಗ! ಕಿನು ಬೇರೆ, ನನ್ನ ಮುಂದೆ ಬರೀ ನಿಮ್ಮ ಜಪ. ನೀವೊಬ್ರೇ ಉರ್ಕೊಂಡ್ರಿ ಅಂದ್ಕೊಂಡ್ರಾ? ಆ ದಿನ ನಿಮ್ಮ ಸೊಪ್ಪಿನ ಬುಟ್ಟೀನ ಬಾವಿಗೆ ತಳ್ಳೋಣ ಅನ್ನಿಸಿತ್ತು ನನಗೆ."

ಚಿಗುಸಾ ಅವಳ ಬಟ್ಟಲಿಗೆ ಇನ್ನಷ್ಟು ಚಹಾ ಬಗ್ಗಿಸಿದಳು.

"ಹೊಸ ವರ್ಷದ ದಿನ ನಾನೇ ಬಾಯಿಬಿಟ್ಟು ಕೇಳಿದೆ. ಅಕ್ಕನ ಜಾಗಕ್ಕೆ ಬರ್ಲಾ ಅಂತ. ಬೇಡ ಮಯು, ಅಂದ್ರು. ಅಷ್ಟೇ." ಅವಳ ಗುಳಿಕೆನ್ನೆ ಒಮ್ಮೆ ನಡುಗಿತು. "ಇನ್ನೊಂದು ವಿಷಯ. ಇಲ್ಲಿಂದ ಹೋಗುವಾಗ ರೈಲಲ್ಲಿ ಕಿನು ಕೇಳಿದ್ಲಂತೆ. ಅಪ್ಪಾ, ಅಮ್ಮನೂ ಮೊಲದ ಹಾಗೇನಾ? ಓಡಿಹೋಗಿಲ್ವಾ? ಇಲ್ವೇ ಇಲ್ವಾ? ಅಂತ."

"ಅಯ್ಯೋ..."

"ಭಾವ ಹೇಳಿದ್ರಂತೆ. ಹೂಂ ಮಗಳೇ, ಇಲ್ಲ ಅಂತ. ಆಮೇಲೆ ಇಬ್ರೂ ತುಂಬಿದ ರೈಲಲ್ಲಿ ಅತ್ತರಂತೆ. ಎರಡು ವರ್ಷದಿಂದ ನಮ್ಮ ಯಾರ ಕೈಲೂ ಆಗದ ಮಾತು. ಅಮ್ಮ ಬೆಟ್ಟಕ್ಕೆ ಹೋಗಿದಾಳೆ ಅಂತ ತಾನು ಹೇಳಿದ ಸುಳ್ಳಿಂದಲೇ ಮಗು ಬೆಟ್ಟಕ್ಕೆ ಹೋಯ್ತು, ನೀವು ಹಿಮದಲ್ಲಿ ಹಣೆ ಹಚ್ಚಬೇಕಾಯ್ತು ಅಂತ ಅವರಿಗೆ ಸಂಕಟ. ನಿಮ್ಮ ಮುಂದೆ ಬರೋಕೆ ಮುಖ ಇಲ್ಲ ಅಂತ ಕೂತಿದಾರೆ. ನೀವು ಇಲ್ಲಿ ಕೂತಿದೀರಿ. ನೋಡಿ ನೋಡಿ ನನಗೆ ಸಾಕಾಯ್ತು!"

"ಇದನ್ನೆಲ್ಲ ನನಗೆ ಯಾಕೆ ಹೇಳ್ತಿದೀರಾ? ನಿಮಗೆ ನನ್ನ ಕಂಡ್ರೆ ಆಗಲ್ವಲ್ಲ..."

"ಹೊಟ್ಟೆಕಿಚ್ಚಿನವರಿಗೆ ನಿಜ ಬೇಗ ಗೊತ್ತಾಗುತ್ತೆ ಕಣ್ರೀ. ಅಷ್ಟೊಂದು ಕಣ್ಣಿಟ್ಟು ನೋಡ್ತಿರ್ತೀವಲ್ಲ!" ಮಯುಕೊ ಕಣ್ಣೊರೆಸಿಕೊಂಡು ಎದ್ದಳು. "ಇವತ್ತು ಈ ಮಕ್ಕಳನ್ನ ನಾನು ನೋಡ್ಕೋತೀನಿ. ಹತ್ತೂವರೆ ರೈಲಿದೆ. ಹೋಗಿ, ನನ್ನ ಮನಸ್ಸು ಬದಲಾಗೋ ಮೊದ್ಲು!"

*

ಸ್ಟೇಷನ್ನಿನಿಂದ ಸೇಜಿಯ ಮನೆಗೆ ಅರ್ಧ ಗಂಟೆಯ ಹಿಮದ ದಾರಿ. ಚಿಗುಸಾ ಮೂರು ಸಲ ಬಿದ್ದಳು. ಬಾಗಿಲು ತೆರೆದದ್ದು ಕಿನು. ಅದೇ ನೀಲಿ ಅಂಗಿ, ಎದೆಯ ಮೇಲೆ ಅದೇ ಕೆಂಪು ಕೊರಳಿನ ಹಕ್ಕಿ.

ಚಿಗುಸಾ ಹೊಸ್ತಿಲಲ್ಲೇ ಮಂಡಿಯೂರಿದಳು.

"ಕಿನು, ಆ ಹಕ್ಕೀನ ಬಿಚ್ಚಿಬಿಡ್ಲಾ? ಅದು ಇರಬೇಕಾದ ಜಾಗ ಅಲ್ಲ ಅದು."

ಕಿನು ಎದೆಗೆ ಎರಡೂ ಕೈ ಅಡ್ಡ ಹಿಡಿದಳು.

"ಬೇಡ! ಹಕ್ಕಿ ಏನ್ ಮಾಡಿದೆ ಪಾಪ?" ಆಮೇಲೆ ಗಂಭೀರವಾಗಿ ಕೇಳಿದಳು, "ಇನ್ನೂ ಹೊಟ್ಟೆಕಿಚ್ಚು ಇದೆಯಾ?"

"ಸ್ವಲ್ಪ ಇದೆ."

"ನನಗೂ ಇದೆ. ಆ ಏಳು ಮಕ್ಕಳು ದಿನಾ ನಿನ್ನ ಹತ್ರ ಇರ್ತಾರಲ್ಲ, ಅದಕ್ಕೆ!"

ಚಿಗುಸಾ ಅವಳನ್ನು ಬಾಚಿ ತಬ್ಬಿಕೊಂಡಳು. ಈ ಸಲ ಮಗು ಕೈ ಬಿಡಿಸಿಕೊಳ್ಳಲಿಲ್ಲ.

ಹಿಂದಿನ ಕೊಟ್ಟಿಗೆಯಲ್ಲಿ ಹುಲ್ಲಿನ ಹಗ್ಗ ಹೊಸೆಯುತ್ತಿದ್ದ ಸೇಜಿ ಸದ್ದು ಕೇಳಿ ಬಂದು ಬಾಗಿಲಿನ ಕಂಬ ಹಿಡಿದು ನಿಂತಿದ್ದ. ಕೃಶವಾಗಿದ್ದ.

"ನೀವು... ಈ ಹಿಮದಲ್ಲಿ..."

"ನೀವು ಮಾತಾಡಲಿಲ್ಲ ಅವತ್ತು. ಅದಕ್ಕೇ ಕೇಳಿಸ್ಕೊಳ್ಳೋಕೆ ಬಂದೆ. ಬೈಯೋದಿದ್ರೆ ಬೈದುಬಿಡಿ."

"ಬೈಯೋ ಯೋಗ್ಯತೆ ನನಗೆಲ್ಲಿದೆ ಚಿಗುಸಾ? ನನ್ನ ಮಗಳಿಗೆ ನಿಜ ಹೇಳೋ ಧೈರ್ಯ ನಿಮಗಿತ್ತು. ನನಗಿರಲಿಲ್ಲ."

"ಧೈರ್ಯ ಅಲ್ಲ ಅದು. ತಪ್ಪು ಮಾಡಿ ಸಿಕ್ಕಿಬಿದ್ದವಳ ಮಾತು." ಅವಳ ಕಣ್ಣು ತುಂಬಿ ಬಂತು. "ನಿಮ್ಮ ಹೆಂಡತಿ ಕೊನೇದಾಗಿ ಹೊಲಿದದ್ದನ್ನ ಸುಟ್ಟೆ. ಎಷ್ಟು ಸಾವಿರ ಹೊಲಿಗೆ ಹಾಕಿದ್ರೂ ಅದು ವಾಪಸ್ ಬರಲ್ಲ. ಯಾಕೆ ಹಾಗೆ ಮಾಡಿದೆ ಅಂತ ಕೇಳಲ್ವಾ?"

"ಯಾಕೆ?"

"ನೀವು ಮಯುಕೊ ಮುಂದೆ ತಲೆ ಬಗ್ಗಿಸಿ ನಿಂತಿದ್ರಲ್ಲ, ಟವೆಲ್ ಕಟ್ಟಿಸ್ಕೊಳ್ತಾ... ಅದನ್ನ ನೋಡಿದಾಗಿಂದ ನನಗೆ ಅನ್ನ ಸೇರಲಿಲ್ಲ! ಅದಕ್ಕೇ!" ಎಂದು ಅವಳು ಅಳುತ್ತಲೇ ಸಿಡುಕಿದಳು.

ಸೇಜಿ ಕಂಬದಿಂದ ಕೈ ತೆಗೆದ. ಅವನ ಕಿವಿ ನಿಧಾನವಾಗಿ ಕೆಂಪೇರಿತು.

"ಹದಿನೈದು ದಿನದ ಕೆಲಸ ಅದು," ಎಂದ ಕೊನೆಗೆ.

"ಯಾವುದು?"

"ನಿಮ್ಮ ಮಾಡು. ಒಂದು ತಿಂಗಳು ಎಳೆದೆ. ನೀವು ಮಕ್ಕಳಿಗೆ ಕತೆ ಹೇಳುವಾಗ ಮೇಲೆ ಹುಲ್ಲು ಹಿಡ್ಕೊಂಡು ಸುಮ್ಮನೆ ಕೂತಿರ್ತಿದ್ದೆ. ಆ ಏಳು ಮಕ್ಕಳ ಮೇಲೆ ನನಗೂ ಎಂಥ ಹೊಟ್ಟೆಕಿಚ್ಚು ಅಂತ ನಿಮಗೆ ಗೊತ್ತಿಲ್ಲ."

ಚಿಗುಸಾಳಿಗೆ ಅಳು ಬಂತೋ ನಗು ಬಂತೋ ತಿಳಿಯಲಿಲ್ಲ.

"ಅವಳನ್ನ ನಾನು ಮರೆಯಲ್ಲ," ಎಂದ ಸೇಜಿ ಮೆಲ್ಲಗೆ. "ಅದು ನಿಮಗೆ ನೋವು ಕೊಡಬಹುದು."

"ಕೊಡುತ್ತೆ. ನನ್ನ ಸ್ವಭಾವ ನನಗೆ ಗೊತ್ತು. ಉರಿದಾಗ ಬಿಚ್ಚಲ್ಲ, ಬಂದು ನಿಮ್ಮ ಹತ್ರ ಹೇಳ್ತೀನಿ. ಸಾಕಾ?"

"ಸಾಕು... ಹಿಮ ಕರಗಿದ ಮೇಲೆ ನಾವಿಬ್ರೂ ನಾರಾಸಾವಾಗೇ ಬಂದುಬಿಡ್ಲಾ? ನಿಮ್ಮ ಮಕ್ಕಳನ್ನ ಬಿಟ್ಟು ನೀವು ಬರೋಕಾಗಲ್ವಲ್ಲ. ನಾನಾದ್ರೆ ಎಲ್ಲಿಂದ ಬೇಕಾದ್ರೂ ಕೆಲಸಕ್ಕೆ ಹೋಗ್ತೀನಿ."

ಅವಳು ಉತ್ತರ ಹೇಳುವ ಮೊದಲೇ ಒಳಗಿನಿಂದ ಕಿನುವಿನ ಕೂಗು ಬಂತು.

"ಬನ್ನಿ! ದಿಂಬು ಹಾಕಿದೀನಿ!"

ಬೆಂಕಿಗುಣಿಯ ಒಂದೇ ಬದಿಗೆ ಮೂರು ದಿಂಬು ಸಾಲಾಗಿದ್ದವು.

"ಚಿಗು ಅಕ್ಕ ಇಲ್ಲಿ. ನಾನು ಅವಳ ಪಕ್ಕ. ಅಪ್ಪ ಆ ತುದೀಲಿ."

"ನಾನ್ಯಾಕೆ ಅಷ್ಟು ದೂರ?" ಎಂದ ಸೇಜಿ.

"ನಿನ್ನ ಕೈ ಉದ್ದ ಇದೆಯಲ್ಲ!"

ಸೇಜಿ ಹೇಳಿದಲ್ಲಿ ಕೂತ. ಮಗಳ ಬೆನ್ನ ಹಿಂದಿನಿಂದ ಕೈ ಚಾಚಿದ. ಚಿಗುಸಾ ಬೆಂಕಿಯನ್ನೇ ನೋಡುತ್ತ, ತನ್ನ ಕೈಯನ್ನು ಒಂದು ಗೇಣು ಈಚೆ ಸರಿಸಿದಳು.

"ಸಿಕ್ತಾ?" ಎಂದಳು ಮೆಲ್ಲಗೆ.

"ಸಿಕ್ತು," ಎಂದ ಅವನು.